ಕುಸುಬೆಯ ಕಾಳಿನೊಳಗೆ ಒಂದಕ್ಷರ, ಒಂದಿಷ್ಟು ಚಳಿ

ಹಿಂಗಾರಿ ಬಿಳಿಜೋಳದ ಹೊಲದ ಅಂಚಿಗೆ ಕುಸುಬಿ ಬಿತ್ತುವುದು ವಿಜಯಪುರ, ಗದಗ, ಧಾರವಾಡ ಕಡೆಯ ಎರೆಭೂಮಿಯಲ್ಲಿ ಹಳೆಯ ರೂಢಿ. ಮುಳ್ಳಿನ ಗಿಡ, ದನ ಬಾಯಿ ಹಾಕುವುದಿಲ್ಲ. ಬೇರು ಆಳಕ್ಕಿಳಿದು ನೆಲದಲ್ಲಿ ಉಳಿದ ತೇವವನ್ನೇ ನೆಚ್ಚಿ ಬದುಕುತ್ತದೆ. ಗಾಣಕ್ಕೆ ಹಾಕಿದರೆ ಎಣ್ಣೆ, ನೆನೆಸಿ ರುಬ್ಬಿ ಹಿಂಡಿದರೆ ಹುಗ್ಗಿಗೆ ಕುಸುಬಿ ಹಾಲು. ಇಷ್ಟು ಪರಿಚಯದ ಈ ಕಾಳಿನಿಂದ ಬರುವುದು ಒಂದು ಎಣ್ಣೆಯಲ್ಲ, ಎರಡು. ಅಂತರರಾಷ್ಟ್ರೀಯ ಆಹಾರ ಮಾನಕವಾದ ಕೋಡೆಕ್ಸ್ ಅವೆರಡನ್ನೂ ಬೇರೆ ಬೇರೆಯಾಗಿಯೇ ಪಟ್ಟಿ ಮಾಡಿದೆ. ಒಂದರಲ್ಲಿ ಲಿನೋಲಿಕ್ ಆಮ್ಲ ಶೇ 67.8ರಿಂದ 83.2. ಇನ್ನೊಂದರಲ್ಲಿ ಒಲೀಕ್ ಆಮ್ಲ ಶೇ 70ರಿಂದ 83.7. ಗಿಡ ಅದೇ, ಹೂವು ಅದೇ, ಎಣ್ಣೆ ಮಾತ್ರ ತಿರುವುಮುರುವು.

ಎರಡೂ ಆಮ್ಲಗಳು 18 ಕಾರ್ಬನ್ ಪರಮಾಣುಗಳ ಸರಪಳಿಗಳೇ. ಒಲೀಕ್‌ನಲ್ಲಿ ಒಂದು ಕಡೆ ದ್ವಿಬಂಧವಿದೆ, ಲಿನೋಲಿಕ್‌ನಲ್ಲಿ ಎರಡು ಕಡೆ. ವ್ಯತ್ಯಾಸ ಇಷ್ಟೇ, ಪರಿಣಾಮ ದೊಡ್ಡದು. ಎರಡು ದ್ವಿಬಂಧಗಳ ನಡುವಿನ ಜಾಗಕ್ಕೆ ಗಾಳಿಯ ಆಕ್ಸಿಜನ್ ಸುಲಭವಾಗಿ ಕೈಹಾಕುತ್ತದೆ. ಹಾಗಾಗಿ ಲಿನೋಲಿಕ್ ಆಮ್ಲ ಒಲೀಕ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಕೆಡುತ್ತದೆ. ಅಡುಗೆಮನೆಯಲ್ಲಿ ಇದಕ್ಕೆ ಕಮಟು ಎನ್ನುತ್ತೇವೆ. ಬಣ್ಣದ ಕಾರ್ಖಾನೆಗೆ ಇದೇ ಗುಣ ಬೇಕು: ಆಕ್ಸಿಜನ್ ಹೀರಿದ ಎಣ್ಣೆ ಗಟ್ಟಿಯಾಗಿ ಪದರ ಕಟ್ಟುತ್ತದೆ. ಕುಸುಬೆ ಎಣ್ಣೆ ಹಾಕಿದ ಬಿಳಿ ಬಣ್ಣ ಹಳದಿಗೂ ತಿರುಗದು. ಕಾಯಿಸಿ ಮಂದ ಮಾಡಿದ ಕುಸುಬೆ ಎಣ್ಣೆಯನ್ನು ತೊಗಲಿಗೆ ಬಳಿದು ನೀರು ತಾಗದಂತೆ ಮಾಡುವ ವಿದ್ಯೆ ನಮ್ಮ ದೇಶದಲ್ಲಿ ಹಿಂದಿನಿಂದಲೂ ಇತ್ತು.

ಎಣ್ಣೆಯಲ್ಲಿ ದ್ವಿಬಂಧಗಳೆಷ್ಟಿವೆ ಎಂದು ತಿಳಿಯಲು ಅದು ಎಷ್ಟು ಅಯೋಡಿನ್ ಹಿಡಿದುಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಸಾಮಾನ್ಯ ಕುಸುಬೆ ಎಣ್ಣೆಯ ಅಯೋಡಿನ್ ಅಂಕ 136ರಿಂದ 148. ಆದರೆ ಭಾರತದಿಂದ ಹೋದ ಒಂದು ಬೀಜದ ಎಣ್ಣೆಯಲ್ಲಿ ಈ ಅಂಕ ತೀರಾ ಕಡಿಮೆಯಿದೆ ಎಂದು 1957ರಲ್ಲಿ ವರದಿಯಾಯಿತು. ಬಣ್ಣ ಮಾಡುವವರ ಪಾಲಿಗೆ ಅದು ಕೆಲಸಕ್ಕೆ ಬಾರದ ಬೀಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿದ್ದ ತಳಿವಿಜ್ಞಾನಿ ಪಾಲ್ಡೆನ್ ನೋಲ್ಸ್ ಅದನ್ನು ಎಸೆಯಲಿಲ್ಲ. ಭಾರತದಿಂದ ಬಂದ ಇಂಥ ಬೀಜಗಳನ್ನು ಸಾಮಾನ್ಯ ಕುಸುಬೆಯೊಂದಿಗೆ ಸಂಕರಿಸಿ, ಈ ಗುಣ ಒಂದೇ ಜೀನ್‌ನ ಬದಲಾವಣೆಯಿಂದ ಬರುತ್ತದೆ ಎಂದು ತೋರಿಸಿದರು. ಒಲೀಕ್ ಹೆಚ್ಚಿರುವ ಮೊದಲ ಕುಸುಬೆ ತಳಿ ಯುಸಿ-1 ಅಲ್ಲಿಂದ 1966ರಲ್ಲಿ ಹೊರಬಂತು.

ಆ ಬದಲಾವಣೆ ಏನೆಂದು ಗೊತ್ತಾದದ್ದು ಈ ಶತಮಾನದಲ್ಲಿ. ಬೀಜ ಮೊದಲು ಒಲೀಕ್ ಆಮ್ಲವನ್ನು ತಯಾರಿಸುತ್ತದೆ. ಆಮೇಲೆ ಎಫ್‌ಎಡಿ2 ಎಂಬ ಕಿಣ್ವ ಅದರಿಂದ ಎರಡು ಹೈಡ್ರೋಜನ್ ಕಿತ್ತು ಎರಡನೆಯ ದ್ವಿಬಂಧ ಕೂರಿಸಿ ಲಿನೋಲಿಕ್ ಮಾಡುತ್ತದೆ. ಭಾರತದ ಆ ಬೀಜದಲ್ಲಿ ಈ ಕಿಣ್ವದ ಜೀನ್‌ನ ನಡುವೆ ಡಿಎನ್‌ಎಯ ಒಂದೇ ಒಂದು ಅಕ್ಷರ ಬಿದ್ದುಹೋಗಿದೆ. ಅಲ್ಲಿಂದ ಮುಂದಿನ ಓದೆಲ್ಲ ತಪ್ಪಿ, ಕಿಣ್ವ ಅರ್ಧಕ್ಕೇ ನಿಲ್ಲುತ್ತದೆ. ಕೆಲಸಗಾರನಿಲ್ಲದ ಕಾಳಿನಲ್ಲಿ ಒಲೀಕ್ ಒಲೀಕ್ ಆಗಿಯೇ ಉಳಿಯುತ್ತದೆ. ಶೇಂಗಾದಲ್ಲಿ ಇದು ಇಷ್ಟು ಸುಲಭವಲ್ಲ. ಎರಡು ಕಾಡು ಜಾತಿಗಳು ಕೂಡಿ ಹುಟ್ಟಿದ ಬೆಳೆ ಅದು. ಈ ಜೀನ್ ಎರಡು ಕಡೆ ಇರುವುದರಿಂದ ಎರಡೂ ಕೆಡಬೇಕು.

ಕಾಳಿನ ಎಣ್ಣೆಯ ಗುಣವನ್ನು ತಾಯಿಗಿಡವೊಂದೇ ತೀರ್ಮಾನಿಸುವುದಿಲ್ಲ, ಒಳಗಿನ ಭ್ರೂಣವೇ ತೀರ್ಮಾನಿಸುತ್ತದೆ. ಪಕ್ಕದ ಹೊಲದ ಸಾಮಾನ್ಯ ಕುಸುಬೆಯ ಪರಾಗವನ್ನು ಜೇನು ತಂದು ಹಾಕಿದರೆ ಆ ಕಾಳಿಗೆ ಸರಿಯಾದ ಜೀನ್ ಒಂದು ಸಿಕ್ಕಿ, ಅದು ಲಿನೋಲಿಕ್ ಕಡೆ ವಾಲುತ್ತದೆ. ಒಂದೇ ತೆನೆಯಲ್ಲಿ ಎರಡು ಬಗೆಯ ಎಣ್ಣೆ!

ಇನ್ನು ಹವೆಯ ಮಾತು, ಅದು ಸೂರ್ಯಕಾಂತಿಯಲ್ಲಿ ಎದ್ದು ಕಾಣುತ್ತದೆ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಗೆ ಕೋಡೆಕ್ಸ್ ಕೊಟ್ಟಿರುವ ಒಲೀಕ್ ಪ್ರಮಾಣ ಶೇ 14ರಿಂದ 39.4. ಇಷ್ಟು ಅಗಲದ ಅಂತರಕ್ಕೆ ಮುಖ್ಯ ಕಾರಣ ಸೆಕೆ ಮತ್ತು ಚಳಿ. ಬಿಸಿಯಲ್ಲಿ ಎಫ್‌ಎಡಿ2 ಬೇಗ ಕುಗ್ಗುತ್ತದೆ. ಅದರ ಕೆಲಸಕ್ಕೆ ಆಕ್ಸಿಜನ್ ಬೇರೆ ಬೇಕು, ಅದು ತಣ್ಣಗಿನ ಕಾಳಿನಲ್ಲಿ ಹೆಚ್ಚು ಕರಗಿರುತ್ತದೆ. ಹೀಗಾಗಿ ಒಂದೇ ತಳಿಯ ಸೂರ್ಯಕಾಂತಿ ಚಳಿಗಾಲದಲ್ಲಿ ಕಾಳು ಕಟ್ಟಿದರೆ ಲಿನೋಲಿಕ್ ಹೆಚ್ಚು, ಬೇಸಿಗೆಯಲ್ಲಿ ಕಟ್ಟಿದರೆ ಒಲೀಕ್ ಹೆಚ್ಚು. ಹಗಲಿನ ಬಿಸಿಲಿಗಿಂತ ರಾತ್ರಿಯ ತಂಪೇ ಇಲ್ಲಿ ಮುಖ್ಯ, ಅದರಲ್ಲೂ ಹೂ ಅರಳಿದ ನಂತರದ ಕೆಲವು ವಾರಗಳ ರಾತ್ರಿ ಎಂದು ಅರ್ಜೆಂಟೀನಾದ ಸಂಶೋಧಕರು ತೋರಿಸಿದ್ದಾರೆ. ಆದರೆ ಅಕ್ಷರ ಬಿದ್ದ ಕುಸುಬೆಯನ್ನು ಚಳಿ ಹೆಚ್ಚು ಕದಲಿಸದು. ಇಲ್ಲದ ಕೆಲಸಗಾರನನ್ನು ಚುರುಕು ಮಾಡುವುದು ಹೇಗೆ? ಸಾಮಾನ್ಯ ಕುಸುಬೆ ಮತ್ತು ಅಕ್ಷರ ಬಿದ್ದ ಕುಸುಬೆಯ ನಡುವಿನ ಒಂದು ಬಗೆಯೂ ಇದೆ: ಒಲೀಕ್, ಲಿನೋಲಿಕ್ ಸುಮಾರು ಸಮಸಮ. ಹವೆ ಬದಲಾದಂತೆ ಹೆಚ್ಚು ಏರಿಳಿಯುವುದು ಅದೇ.

ಯಾವ ಎಣ್ಣೆ ಒಳ್ಳೆಯದು ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಲಿನೋಲಿಕ್ ನಮ್ಮ ದೇಹಕ್ಕೆ ಬೇಕೇಬೇಕು, ದೇಹ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ಅಂಥ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ತಂದು, ಬೆಳಕು ತಾಗದಂತೆ ಇಟ್ಟು ಬೇಗ ಮುಗಿಸಬೇಕು. ಕರಿಯುವುದಕ್ಕೆ ಒಲೀಕ್ ಹೆಚ್ಚಿರುವುದೇ ಲೇಸು.

ಕುಸುಬೆಯ ಹೊಲಗಳು ನಮ್ಮಲ್ಲಿ ಹಿಂದಿಗಿಂತ ಬಹಳ ಕಡಿಮೆಯಾಗಿವೆ. ಅಯೋಡಿನ್ ಪರೀಕ್ಷೆಯಲ್ಲಿ ಸೋತ ಬೀಜ ಸಿಕ್ಕಿದ್ದು ಭಾರತದ ಹೊಲದಲ್ಲಿ, ತಳಿಯಾದದ್ದು ಕ್ಯಾಲಿಫೋರ್ನಿಯಾದಲ್ಲಿ. ಅಜ್ಜನ ಕಾಲದಿಂದ ಬಂದ ಕುಸುಬಿ ಬೀಜ ನಿಮ್ಮ ಮನೆಯ ಗಡಿಗೆಯಲ್ಲಿ ಇನ್ನೂ ಇದ್ದರೆ ಅದನ್ನು ಗಾಣಕ್ಕೆ ಹಾಕುವ ಮುನ್ನ ಒಂದು ಹಿಡಿ ಎತ್ತಿಟ್ಟು, ಅಣ್ಣಿಗೇರಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ತಲುಪಿಸಿ.