ಪಾದದ ಮೇಲಿನ ‘ನರ’ಗಳು

ಕಾಲಿನ ಹೆಬ್ಬೆರಳನ್ನು ಒಮ್ಮೆ ಮೇಲಕ್ಕೆತ್ತಿ ನೋಡಿ. ಪಾದದ ಮೇಲೆ ಹಗ್ಗದಂತಹ ಒಂದು ಎಳೆ ಎದ್ದು ಕಾಣುತ್ತದೆ. ಆಡುಮಾತಿನಲ್ಲಿ ಇದನ್ನು ನಾವು ‘ನರ’ ಎನ್ನುತ್ತೇವೆ. ವಾಸ್ತವದಲ್ಲಿ ಇದು ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು, ಅಂದರೆ ಟೆಂಡನ್.

ಇಲ್ಲಿಯ ಮುಖ್ಯ ರಜ್ಜುಗಳು ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದಲ್ಲಿರುವ ಮೂರು ಸ್ನಾಯುಗಳಿಂದ ಇಳಿದು ಬರುತ್ತವೆ. ಒಂದು ಪಾದವನ್ನು ಎತ್ತುತ್ತದೆ, ಇನ್ನೊಂದು ಹೆಬ್ಬೆರಳನ್ನು. ಮೂರನೆಯದು ನಾಲ್ಕು ಕವಲಾಗಿ ಉಳಿದ ಬೆರಳುಗಳನ್ನು ಎತ್ತುತ್ತದೆ. ನಡೆಯುವಾಗ ನಾವು ಎಡವದಿರುವುದು ಇವುಗಳಿಂದಲೇ. ಆದರೆ ಅಂಗಾಲಿನಂತೆ ಇಲ್ಲಿ ದಪ್ಪ ಮೆತ್ತೆಯಿಲ್ಲ. ತೆಳುವಾದ ಚರ್ಮವೇ ಕಾವಲು.

ಸಾಮಾನ್ಯ ತೊಂದರೆ ಉರಿಯೂತ. ಚಳಿಗಾಲವೆಲ್ಲ ಮನೆಯೊಳಗಿದ್ದು, ವಸಂತ ಬಂದೊಡನೆ ಮೆಟುಚೆನ್‌ನಿಂದ ಹೊರಡುವ ಮಿಡಲ್‌ಸೆಕ್ಸ್ ಗ್ರೀನ್‌ವೇಯ ಸುಮಾರು 3.5 ಮೈಲಿ ಹಾದಿಯನ್ನು ದಿನವೂ ನಡೆಯತೊಡಗಿದರೆ, ಜೊತೆಗೆ ಶೂ ಲೇಸನ್ನೂ ಬಿಗಿದು ಕಟ್ಟಿದರೆ, ರಜ್ಜುಗಳು ಉಜ್ಜಿ ನೋಯುತ್ತವೆ. ಬೆರಳೆತ್ತಿದಾಗ ನೋವು ಹೆಚ್ಚುತ್ತದೆ. ಕೆಲವು ದಿನಗಳ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡುವುದು, ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ, ಇಷ್ಟರಿಂದ ಸಾಮಾನ್ಯವಾಗಿ ಗುಣವಾಗುತ್ತದೆ. ನೋಯುವ ಜಾಗದ ಮೇಲೆ ಲೇಸು ಹಾಯದಂತೆ ಆ ಜೊತೆ ತೂತುಗಳನ್ನು ಬಿಟ್ಟು ಕಟ್ಟಿ. ಒಂದೇ ಮೂಳೆಯ ಮೇಲೆ ಒತ್ತಿದಾಗ ತೀವ್ರ ನೋವಿದ್ದರೆ ಅಲ್ಲಿ ಬಿರುಕು ಇರಬಹುದು, ವೈದ್ಯರಿಗೆ ತೋರಿಸಿ. ಮಧುಮೇಹವಿದ್ದವರು ಕಾಯಬಾರದು. ಪಾದ ಇದ್ದಕ್ಕಿದ್ದಂತೆ ಜೋತುಬಿದ್ದರೆ ಯಾರೂ ಕಾಯಬಾರದು.

ಇನ್ನೊಂದು ತೊಂದರೆ ಗಾಯ. ಇದು ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ಊರಿನಲ್ಲಿ ಈಳಿಗೆಮಣೆ ನೆಲದ ಮೇಲಿರುತ್ತಿತ್ತು. ಇಲ್ಲಿ ಚಾಕು ಸೊಂಟದೆತ್ತರದ ಕೌಂಟರಿನ ಮೇಲೆ. ನಾವೋ ಶೂಗಳನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಅಡುಗೆ ಮಾಡುವವರು. ಚಾಕು ಕೈಜಾರಿ ಪಾದದ ಮೇಲೆ ಬಿದ್ದರೆ, ಗಾಯ ಸಣ್ಣದಾಗಿ ಕಂಡರೂ ಒಳಗೆ ರಜ್ಜು ತುಂಡಾಗಿರಬಹುದು. ಅರಿಶಿನ ಮೆತ್ತಿ ಬ್ಯಾಂಡೇಜು ಸುತ್ತಿದರೆ ಚರ್ಮವೇನೋ ಕೂಡಿಕೊಳ್ಳುತ್ತದೆ. ಆದರೆ ತುಂಡಾದ ರಜ್ಜಿನ ತುದಿಗಳು ದೂರ ಸರಿಯುತ್ತವೆ. ತಡವಾದಷ್ಟೂ ಶಸ್ತ್ರಚಿಕಿತ್ಸೆ ಕಷ್ಟ.

ಆದ್ದರಿಂದ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ. ನಂತರ ಬೆರಳುಗಳನ್ನು ಮೇಲಕ್ಕೆತ್ತಿ, ಇನ್ನೊಂದು ಪಾದದೊಂದಿಗೆ ಹೋಲಿಸಿ. ಯಾವುದಾದರೂ ಬೆರಳು ಸೋತಂತಿದ್ದರೆ ಆಗಲೇ ತುರ್ತು ಚಿಕಿತ್ಸೆಗೆ ಹೊರಡಿ. ಅರ್ಧ ತುಂಡಾದ ರಜ್ಜು ಕೂಡ ಬೆರಳನ್ನು ಎತ್ತಬಲ್ಲದು. ಹಾಗಾಗಿ ಬೆರಳು ಎದ್ದರೂ ಆಳವಾದ ಗಾಯವನ್ನು ಅಂದೇ ತೋರಿಸಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

ಅಡುಗೆಮನೆಗೆಂದೇ ಪಾದ ಮುಚ್ಚುವ ಒಂದು ಜೊತೆ ಪಾದರಕ್ಷೆ ಇಟ್ಟುಕೊಳ್ಳೋಣ. ಹೊರಗೆ ಮೆಟ್ಟದ ಪಾದರಕ್ಷೆಗೆ ನಮ್ಮ ಅಜ್ಜಿಯರೂ ಬೇಡವೆನ್ನಲಾರರು!