‘ಮತ್ತು ಸಂಗಡಿಗರು’ ಅಂದರೆ ಯಾರು?

ಆಕಾಶವಾಣಿಯಲ್ಲಿ ಹಳೆಯ ಚಿತ್ರಗೀತೆ ಬರುವಾಗ ಉದ್ಘೋಷಕರ ಮಾತನ್ನು ಒಮ್ಮೆ ಗಮನವಿಟ್ಟು ಕೇಳಿ. ಚಿತ್ರದ ಹೆಸರು, ಸಾಹಿತ್ಯ, ಸಂಗೀತ ಎಲ್ಲ ಹೇಳಿ, ಕೊನೆಗೆ “ಹಾಡಿದವರು ಎಸ್. ಜಾನಕಿ ಮತ್ತು ಸಂಗಡಿಗರು” ಅನ್ನುತ್ತಾರೆ. ಜಾನಕಿ ಯಾರು ಅಂತ ನಿಮಗೆ ಗೊತ್ತು. ಆ ಸಂಗಡಿಗರು ಯಾರು? ಖವ್ವಾಲಿಯ ಹಳೆಯ ರೆಕಾರ್ಡುಗಳಲ್ಲೂ ಇದೇ ಕಥೆ. ಮುಖ್ಯ ಖವ್ವಾಲರ ಹೆಸರಿನ ಮುಂದೆ “ಔರ್ ಹಮ್‌ನವಾ” ಎಂದಿರುತ್ತದೆ. ಹಮ್‌ನವಾ ಅಂದರೆ ಒಂದೇ ದನಿಯವರು, ಜೊತೆಗೆ ದನಿಗೂಡಿಸುವವರು. ಪದ ಚೆನ್ನಾಗಿದೆ. ಆದರೆ ಅದರೊಳಗೆ ಎಷ್ಟು ಜನ, ಯಾವ ಊರಿನವರು, ಏನು ಹೆಸರು ಅಂತ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ಗೊಂದಲವೂ ಇದೆ. ‘ಹಿನ್ನೆಲೆ ಗಾಯಕ’ ಅಂದರೆ ನಮಗೆ ಪಿ.ಬಿ. ಶ್ರೀನಿವಾಸ್ ನೆನಪಾಗುತ್ತಾರೆ. ಅವರು ನಟನ ಹಿಂದೆ ನಿಂತವರು. ಆ ಹಿನ್ನೆಲೆಗೂ ಹಿಂದೆ ನಿಂತವರಿಗೆ ನಮ್ಮಲ್ಲಿ ಇರುವುದು ‘ಕೋರಸ್’ ಎಂಬ ಒಂದೇ ಮಾತು.

ಈ ಕೋರಸ್‌ನವರು ಬಹುಪಾಲು ಇದ್ದದ್ದು ಚೆನ್ನೈನಲ್ಲಿ. ನಾನು ಇದನ್ನು ಬರೆಯುತ್ತಿರುವ ಮಣಲಿ ಈ ನಗರದ ಉತ್ತರಕ್ಕಿರುವ ಕಾರ್ಖಾನೆಗಳ ಪ್ರದೇಶ. ಕೋಡಂಬಾಕ್ಕಂ, ವಡಪಳನಿ, ಸಾಲಿಗ್ರಾಮದ ಸ್ಟುಡಿಯೊಗಳು ಊರಿನ ಇನ್ನೊಂದು ಕಡೆ. ಎವಿಎಂ, ವಿಜಯಾ-ವಾಹಿನಿ, ಪ್ರಸಾದ್, ಭರಣಿ ಎಂಬ ಹೆಸರುಗಳನ್ನು ನೀವು ಕೇಳಿರಬಹುದು. ದಶಕಗಳ ಕಾಲ ಕನ್ನಡ ಚಿತ್ರಗಳ ಹಾಡುಗಳು ಹೆಚ್ಚಾಗಿ ಧ್ವನಿಮುದ್ರಣವಾದದ್ದು ಈ ಕಡೆಯಲ್ಲೇ. ಒಂದೇ ತಂಡ ಬೆಳಿಗ್ಗೆ ತಮಿಳು, ಮಧ್ಯಾಹ್ನ ತೆಲುಗು, ಸಂಜೆ ಕನ್ನಡ ಹಾಡಬೇಕಾಗಿ ಬರುತ್ತಿತ್ತು. ಕನ್ನಡ ಓದಲು ಬಾರದವರು ಸಾಲುಗಳನ್ನು ತಮ್ಮ ಲಿಪಿಯಲ್ಲಿ ಬರೆದುಕೊಂಡು ಹಾಡುತ್ತಿದ್ದರು.

ಕೆಲಸ ಸುಲಭದ್ದಲ್ಲ. ಟ್ರ್ಯಾಕುಗಳನ್ನು ಬೇರೆಬೇರೆಯಾಗಿ ಮುದ್ರಿಸುವ ಅನುಕೂಲ ಬರುವ ಮೊದಲು ಗಾಯಕರು, ವಾದ್ಯದವರು, ಕೋರಸ್ ಎಲ್ಲರೂ ಒಟ್ಟಿಗೆ ಹಾಡಿ ನುಡಿಸಿ ಮುಗಿಸಬೇಕಿತ್ತು. ಕೋರಸ್‌ನ ಒಬ್ಬರು ಅರ್ಧ ಕ್ಷಣ ತಡವಾದರೂ ಇಡೀ ಟೇಕ್ ಹಾಳು, ಮತ್ತೆ ಮೊದಲಿನಿಂದ. ಹೆಚ್ಚು ಟ್ರ್ಯಾಕುಗಳ ಯಂತ್ರ ಬಂದ ಮೇಲೆ ನಾಲ್ಕು ಜನರನ್ನೇ ನಾಲ್ಕು ಸಲ ಹಾಡಿಸಿ ಹದಿನಾರು ದನಿ ಮಾಡಬಹುದಾಯಿತು. ಆಮೇಲೆ ಕೀಬೋರ್ಡ್‌ನಲ್ಲೇ ‘ಆಆಆ’ ಸಿಗತೊಡಗಿತು. ಕೆಲಸ ಕಡಿಮೆಯಾಯಿತು. ಕಾಲ್‌ಶೀಟ್ ಲೆಕ್ಕದಲ್ಲಿ ಸಂಬಳ ಪಡೆಯುವವರಿಗೆ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಕೋರಸ್‌ನಿಂದ ಮುಂದಕ್ಕೆ ಬಂದವರೂ ಇದ್ದಾರೆ. ಎಲ್.ಆರ್. ಈಶ್ವರಿ ಅವರ ತಾಯಿ ಕೋರಸ್ ಹಾಡುತ್ತಿದ್ದರು, ಮಗಳೂ ಅಲ್ಲಿಂದಲೇ ಶುರು ಮಾಡಿದರು. 1961ರ ತಮಿಳು ಚಿತ್ರ ‘ಪಾಶಮಲರ್’ ಅವರಿಗೆ ಹೆಸರು ತಂದಿತು. ಮುಂದೆ 1970ರ ‘ಪರೋಪಕಾರಿ’ಯಂಥ ಕನ್ನಡ ಚಿತ್ರಗಳಲ್ಲೂ ಅವರ ದನಿ ಮೆರೆಯಿತು. ಆದರೆ ಈಶ್ವರಿಯವರ ಪಕ್ಕದಲ್ಲಿ ನಿಂತು ಹಾಡಿ, ಕೊನೆಯವರೆಗೂ ಅಲ್ಲೇ ಉಳಿದವರ ಹೆಸರು ನಮಗೆ ಗೊತ್ತಿಲ್ಲ.

ಇದು ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. 1962ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ‘ಹೀ ಈಸ್ ಎ ರೆಬೆಲ್’ ಹಾಡಿದವರು ಡಾರ್ಲೀನ್ ಲವ್ ಮತ್ತು ಅವರ ತಂಡ ‘ಬ್ಲಾಸಮ್ಸ್’. ರೆಕಾರ್ಡಿನ ಮೇಲೆ ಅಚ್ಚಾದದ್ದು ‘ಕ್ರಿಸ್ಟಲ್ಸ್’ ಎಂಬ ಬೇರೆಯೇ ತಂಡದ ಹೆಸರು. 1973ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಆಲ್ಬಂಗೆ ಕ್ಲೇರ್ ಟೊರಿ 30 ಪೌಂಡ್ ಸಂಭಾವನೆಗೆ ಹಾಡಿದರು. ಪದಗಳೇ ಇಲ್ಲದ ಆ ಆಲಾಪವನ್ನು ಅವರು ಅಲ್ಲೇ ನಿಂತು ಕಟ್ಟಿದ್ದರು. ಗಾಯಕಿ ಅಂತ ಹೆಸರು ಸಿಕ್ಕಿತು, ರಚನೆಯಲ್ಲಿ ಪಾಲು ಸಿಗಲಿಲ್ಲ. 2004ರಲ್ಲಿ ಮೊಕದ್ದಮೆ ಹೂಡಿದರು. ಮರುವರ್ಷ ರಾಜಿಯಾಯಿತು, ರಚನಕಾರರ ಸಾಲಿಗೆ ಅವರ ಹೆಸರು ಸೇರಿತು.

ಹೆಸರು ಇಲ್ಲದಿದ್ದರೆ ಏನಾಯ್ತು, ದುಡ್ಡು ಕೊಟ್ಟರಲ್ಲ ಅಂತ ನೀವು ಕೇಳಬಹುದು. ಇಲ್ಲಿ ಕಾನೂನನ್ನು ಸ್ವಲ್ಪ ನೋಡಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಪ್ರದರ್ಶಕರ ಹಕ್ಕು ಸೇರಿತು. 2012ರ ತಿದ್ದುಪಡಿ ಅದನ್ನು ಬಲಪಡಿಸಿತು: ವಾಣಿಜ್ಯ ಬಳಕೆಗೆ ರಾಯಲ್ಟಿ, ತನ್ನ ಪ್ರದರ್ಶನ ತನ್ನದೆಂದು ಗುರುತಿಸಿಕೊಳ್ಳುವ ಹಕ್ಕು, ಅದನ್ನು ಯಾರಾದರೂ ವಿರೂಪಗೊಳಿಸಿದರೆ ತಡೆಯುವ ಹಕ್ಕು. ಆದರೆ ಅದೇ ತಿದ್ದುಪಡಿ ‘ಪ್ರದರ್ಶಕ’ ಯಾರು ಎಂಬುದಕ್ಕೆ ಒಂದು ಷರತ್ತನ್ನೂ ಹಾಕಿತು. ಸಿನಿಮಾದಲ್ಲಿ ಒಬ್ಬರ ಕೆಲಸ ಪ್ರಾಸಂಗಿಕ ಸ್ವರೂಪದ್ದಾಗಿದ್ದು, ಉದ್ಯಮದ ರೂಢಿಯಂತೆ ಅವರ ಹೆಸರು ಟೈಟಲ್ ಕಾರ್ಡ್ ಸೇರಿ ಎಲ್ಲೂ ಹಾಕದಿದ್ದರೆ, ಅವರು ಪ್ರದರ್ಶಕರೇ ಅಲ್ಲ! ವಿರೂಪ ತಡೆಯುವ ಹಕ್ಕೊಂದನ್ನು ಬಿಟ್ಟು ಉಳಿದದ್ದೆಲ್ಲ ಕೈತಪ್ಪುತ್ತದೆ.

ಅಂದರೆ ನೋಡಿ, ಹೆಸರು ಹಾಕದೇ ಇರುವುದು ರೂಢಿ, ಆ ರೂಢಿಯೇ ಹಕ್ಕು ತಪ್ಪಿಸಲು ಒಂದು ಕಾರಣ. ತನ್ನ ದನಿ ಪ್ರಾಸಂಗಿಕವಲ್ಲ ಅಂತ ಕೋರಸ್ ಗಾಯಕಿ ವಾದಿಸಬಹುದು. ಆದರೆ ಕೈಯಲ್ಲಿ ಹೆಸರಿನ ಪುರಾವೆ ಬೇಕಲ್ಲ? ಮಣಲಿಯ ರಿಫೈನರಿಯ ಖಾಯಂ ಕಾರ್ಮಿಕನಿಗೆ ಹಾಜರಿ ಪುಸ್ತಕವಿದೆ, ಪಿಎಫ್ ನಂಬರ್ ಇದೆ. ಲಕ್ಷಾಂತರ ಜನ ಕೇಳಿದ ಹಾಡಿನ ಕೋರಸ್ ಗಾಯಕಿಗೆ ಆ ಹಾಡಿನ ಮೇಲೆ ತನ್ನದೆನ್ನುವ ಒಂದು ಅಕ್ಷರವೂ ಇಲ್ಲ. 2013ರಲ್ಲಿ ಗಾಯಕರು ರಾಯಲ್ಟಿ ಸಂಗ್ರಹಕ್ಕೆಂದೇ ಸಂಘ ಕಟ್ಟಿಕೊಂಡರು. ಅಂಥ ಲೆಕ್ಕದಲ್ಲಿ ಪಾಲು ಕೇಳಬೇಕಾದರೂ ಮೊದಲು ಹೆಸರು ಬೇಕು.

ವಿದ್ಯಾರ್ಥಿಗಳೇ, ಇದು ಸಿನಿಮಾದವರ ಸಮಸ್ಯೆ ಅಂತ ಬಿಟ್ಟುಬಿಡಬೇಡಿ. ಕಾಲೇಜಿನಲ್ಲಿ ಭಾವಗೀತೆಯ ವಿಡಿಯೊ ಮಾಡುತ್ತೀರಿ, ಮೀಲಾದ್ ಹೊತ್ತಿಗೆ ನಾತ್ ಅಥವಾ ದಫ್ ಹಾಡುಗಳನ್ನು ಯೂಟ್ಯೂಬಿಗೆ ಹಾಕುತ್ತೀರಿ. ಮುಂದಾಳು ಒಂದು ಸಾಲು ಹೇಳುತ್ತಾನೆ, ಹತ್ತು ಜನ ಎತ್ತಿಕೊಳ್ಳುತ್ತಾರೆ. ಆ ಹತ್ತು ಜನ ಇಲ್ಲದಿದ್ದರೆ ದಫ್ ಹಾಡು ಉಂಟಾ? ಆದರೂ ಕೆಳಗೆ ಬರೆಯುವುದು “ಮತ್ತು ತಂಡ” ಅಂತ. ಹತ್ತು ಹೆಸರು ಟೈಪ್ ಮಾಡಲು ಎರಡು ನಿಮಿಷ ಸಾಕು. ಹಾಡಿದ ದಿನವೇ ಬರೆದಿಡಿ, ತಾರೀಕು ಹಾಕಿ. ನಿಮ್ಮ ಮನೆಯಲ್ಲೋ ಮೊಹಲ್ಲಾದಲ್ಲೋ ಹಿಂದೆ ಕೋರಸ್ ಹಾಡಿದ ಹಿರಿಯರಿದ್ದರೆ, ಯಾವ ಹಾಡು, ಜೊತೆಗೆ ಯಾರಿದ್ದರು ಅಂತ ಈಗಲೇ ಕೇಳಿ. ಆ ಪಟ್ಟಿ ಹೆಚ್ಚಾಗಿ ಅವರ ನೆನಪಿನಲ್ಲಿ ಮಾತ್ರ ಇದೆ, ಅವರಿಗೂ ವಯಸ್ಸಾಗುತ್ತಿದೆ.