ಬೆಚ್ಚನೆಯ ಮನೆಗೆ ತಣ್ಣನೆಯ ಮಾಡು

2015ರ ಫೆಬ್ರವರಿ ತಿಂಗಳಲ್ಲಿ, ಅಮೆರಿಕದ ಈಶಾನ್ಯ ಭಾಗದ ಬಾಸ್ಟನ್ ನಗರವೂ ಅದರ ಸುತ್ತಣ ಊರುಗಳೂ ಹಿಮದಲ್ಲಿ ಹೂತುಹೋಗಿದ್ದಾಗ, ಅಲ್ಲಿಯ ಅನೇಕ ಗೃಹಸ್ಥರಿಗೆ ಒಂದು ವಿಚಿತ್ರವಾದ ವಿಪತ್ತು ಪ್ರಾಪ್ತವಾಯಿತು. ಆ ಋತುವಿನಲ್ಲಿ ನಗರದ ಮೇಲೆ ಒಟ್ಟು 110.6 ಅಂಗುಲ, ಎಂದರೆ ಸುಮಾರು 2.8 ಮೀಟರು, ಹಿಮ ಬಿದ್ದಿತು; ಅದಕ್ಕೆ ಹಿಂದಣ ಯಾವ ಚಳಿಗಾಲದ ದಾಖಲೆಯೂ ಇದನ್ನು ಸರಿಗಟ್ಟುವಂತಿರಲಿಲ್ಲ. ಬೀದಿಯಲ್ಲಿ ಒಂದು ತೊಟ್ಟು ನೀರೂ ಹರಿಯಲಾರದಷ್ಟು ಚಳಿಯಿದ್ದ ದಿನಗಳಲ್ಲಿ ಮನೆಯೊಳಗಿನ ಚಾವಣಿಯಿಂದ ಮಾತ್ರ ನೀರು ತೊಟ್ಟಿಕ್ಕತೊಡಗಿತು. ಗೋಡೆಯ ಬಣ್ಣ ಉಬ್ಬಿ ಸುಲಿಯಿತು. ಕಿಟಕಿಯ ಚೌಕಟ್ಟಿನ ಮೇಲಂಚಿನಿಂದ ಸಣ್ಣ ಧಾರೆಗಳು ಇಳಿದವು. ಹೀಗೆ ಮಳೆಯಿಲ್ಲದೆ ಸೋರಿದ ಮನೆಗಳನ್ನು ಹೊರಗಿನಿಂದ ನೋಡಿದರೆ, ಸೂರಿನ ಉದ್ದಕ್ಕೂ ದಪ್ಪನಾದ ಮಂಜುಗಡ್ಡೆಯ ಏರಿಯೊಂದು ಕಟ್ಟಿಕೊಂಡು, ಅದರಿಂದ ಗಾಜಿನಂತೆ ಹೊಳೆಯುವ ನೀಳವಾದ ಕೋಲುಗಳು ಇಳಿಬಿದ್ದಿರುತ್ತಿದ್ದವು. ಕ್ರಿಸ್ಮಸ್ ಹಬ್ಬದ ಶುಭಾಶಯಪತ್ರಗಳಲ್ಲಿ ಚಿತ್ರಕಾರರು ಅಕ್ಕರೆಯಿಂದ ಬಿಡಿಸುವ ಆ ಕೋಲುಗಳು ವಾಸ್ತವವಾಗಿ ಮನೆಯೊಡೆಯನ ಉರುವಲಿನ ಹಣ ಪೋಲಾಗುತ್ತಿರುವುದರ ಬಹಿರಂಗ ಪ್ರದರ್ಶನವೇ ಆಗಿರುವುದುಂಟು.

ಈ ಅನರ್ಥದ ಮೂಲವನ್ನು ತಿಳಿಯಬೇಕಾದರೆ ಆ ನಾಡಿನ ಮನೆಯ ಮಾಡನ್ನು ಕೊಂಚ ಪರಿಶೀಲಿಸಬೇಕು. ಇಳಿಜಾರಾದ ಮರದ ತೊಲೆಗಳು, ಅವುಗಳ ಮೇಲೆ ಹಲಗೆ, ಹಲಗೆಯ ಮೇಲೆ ಷಿಂಗಲ್ ಎಂಬ ಡಾಂಬರು ಲೇಪಿತ ತೆಳುಬಿಲ್ಲೆಗಳು. ಮಾಡಿಗೂ ಕೋಣೆಗಳ ಚಾವಣಿಗೂ ನಡುವೆ ತ್ರಿಕೋನಾಕಾರದ ಅಟ್ಟ. ಹೊರಗೋಡೆಯನ್ನು ದಾಟಿ ಮುಂಚಾಚಿದ ಸೂರು. ಷಿಂಗಲ್ಲುಗಳು ನಮ್ಮ ಮಂಗಳೂರು ಹಂಚುಗಳ ಹಾಗೆ ಒಂದರ ಅಂಚನ್ನು ಇನ್ನೊಂದು ಹೊದ್ದುಕೊಂಡು, ಕೆಳಮುಖವಾಗಿ ಹರಿಯುವ ನೀರನ್ನು ಜಾರಿಸಿಬಿಡಲು ಸಮರ್ಥವಾದುವೇ ಹೊರತು, ನಿಂತ ನೀರನ್ನು ತಡೆಯಬಲ್ಲವಲ್ಲ. ಮಲೆನಾಡಿನ ಮಳೆಯನ್ನು ನಿರಾಯಾಸವಾಗಿ ತಾಳುವ ಹಂಚಿನ ಮಾಡಿನ ಮೇಲೆ ಅಡ್ಡಲಾಗಿ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಏನಾದೀತೆಂದು ಊಹಿಸುವುದು ಓದುಗರಿಗೆ ಕಷ್ಟವಾಗದು. ಶೀತಪ್ರದೇಶದಲ್ಲಿ ಆ ಕಟ್ಟೆಯನ್ನು ಮನೆಯೇ ತನಗೆ ತಾನೇ ಕಟ್ಟಿಕೊಳ್ಳುತ್ತದೆ. ಕೋಣೆಗಳ ಶಾಖ ಚಾವಣಿಯ ಮೂಲಕ ಅಟ್ಟವನ್ನು ಸೇರಿ ಮಾಡಿನ ಹಲಗೆಯನ್ನು ಬೆಚ್ಚಗಾಗಿಸುತ್ತದೆ. ಹಿಮರಾಶಿಯ ತಳಭಾಗ ಕರಗಿ, ಆ ನೀರು ಹಿಮದ ಮರೆಯಲ್ಲಿಯೇ ಕೆಳಗೆ ಹರಿಯುತ್ತದೆ. ಗೋಡೆಯ ಆಚೆಗಿರುವ ಸೂರನ್ನು ಮುಟ್ಟುತ್ತಲೇ, ಅಲ್ಲಿ ಕೆಳಗಿನಿಂದ ಶಾಖ ಕೊಡುವ ಕೋಣೆ ಇಲ್ಲದ ಕಾರಣ, ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನದಿನಕ್ಕೆ ಬೆಳೆದ ಏರಿಯ ಹಿಂದೆ ನೀರು ನಿಂತು, ಹಿಮ್ಮುಖವಾಗಿ ಏರಿ, ಷಿಂಗಲ್ಲುಗಳ ಅಡಿಯಲ್ಲಿ ನುಸುಳಿ, ಹಲಗೆಯ ಸಂದಿನಿಂದ ಒಳಕ್ಕಿಳಿಯುತ್ತದೆ.

ಇದಕ್ಕೆ ಬಿಸಿಲನ್ನು ದೂರುವವರಿದ್ದಾರೆ; ಬಿಸಿಲಿನ ಪಾತ್ರ ಸ್ವಲ್ಪ ಇರಬಹುದು. ಆದರೆ ಹಿಮವೇ ತನ್ನ ಕರಗುವಿಕೆಗೆ ಸಹಾಯಕವಾಗುತ್ತದೆಂಬ ಸಂಗತಿ ಅದಕ್ಕಿಂತ ಸ್ವಾರಸ್ಯವಾದುದು. ಹೊಸದಾಗಿ ಬಿದ್ದ ಹಿಮದ ಬಹುಭಾಗ ಗಾಳಿಯೇ. ಆದಕಾರಣ ಅದು ಉತ್ತಮವಾದ ಶಾಖನಿರೋಧಕ. ಶಾಖದ ಹರಿವಿಗೆ ಒಂದು ಪದರ ಒಡ್ಡುವ ಪ್ರತಿರೋಧವನ್ನು ಅಮೆರಿಕದ ಕಟ್ಟಡದವರು ‘ಆರ್’ ಎಂಬ ಮಾನದಿಂದ ಅಳೆಯುತ್ತಾರೆ. ಹಗುರವಾದ ಹಿಮಕ್ಕೆ ಅಂಗುಲವೊಂದಕ್ಕೆ ಸುಮಾರು 1 ಆರ್ ಎಂದು ಹಿಡಿಯುವುದು ವಾಡಿಕೆ. ಈಗ ಒಂದು ಮನೆಯೊಳಗೆ 20 ಡಿಗ್ರಿ ಸೆಲ್ಸಿಯಸ್, ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇದೆಯೆಂದೂ, ಅಟ್ಟದ ನೆಲದ ಮೇಲೆ 20 ಆರ್ ನಿರೋಧಕ ಹಾಸಿದೆಯೆಂದೂ ಭಾವಿಸೋಣ. ಅಟ್ಟದ ಗಾಳಿಯಾಟವನ್ನು ಸದ್ಯಕ್ಕೆ ಲೆಕ್ಕದಿಂದ ಬಿಡೋಣ. ಒಳಹೊರಗಿನ 30 ಡಿಗ್ರಿಗಳ ಅಂತರವು ಪದರಗಳ ಪ್ರತಿರೋಧಕ್ಕೆ ಅನುಗುಣವಾಗಿ ಹಂಚಿಹೋಗುತ್ತದೆ. ಮಾಡಿನ ಮೇಲೆ 4 ಅಂಗುಲ ಹಿಮವಿದ್ದರೆ ಅದರ ಪಾಲಿಗೆ 24ರಲ್ಲಿ 4 ಭಾಗ, ಎಂದರೆ 5 ಡಿಗ್ರಿ. ಹಿಮದ ತಳ ಸೊನ್ನೆಗಿಂತ 5 ಡಿಗ್ರಿ ಕೆಳಗೇ ಉಳಿದು, ಒಂದು ಹನಿಯೂ ಕರಗದು. ಅದೇ ಮಾಡಿನ ಮೇಲೆ 12 ಅಂಗುಲ ಹಿಮ ಕುಳಿತರೆ ಅದರ ಪಾಲು 32ರಲ್ಲಿ 12 ಭಾಗ, ಎಂದರೆ 11 ಡಿಗ್ರಿಗಿಂತ ತುಸು ಹೆಚ್ಚು. ತಳವು ಕರಗುವ ಬಿಂದುವನ್ನು ದಾಟಲು ಹವಣಿಸುತ್ತದೆ, ನೀರು ಹರಿಯಲಾರಂಭಿಸುತ್ತದೆ. ಮನೆ ಬದಲಾಗಲಿಲ್ಲ, ಚಳಿ ಬದಲಾಗಲಿಲ್ಲ. ಹಿಮ ದಪ್ಪವಾಯಿತು, ಅಷ್ಟೆ. ಹತ್ತಾರು ವರ್ಷ ಸೋರದಿದ್ದ ಮನೆಗಳು ಒಂದು ದೊಡ್ಡ ಹಿಮಗಾಲದಲ್ಲಿ ಒಮ್ಮೆಗೇ ಸೋರುವುದರ ರಹಸ್ಯ ಇದರಲ್ಲಿಯೇ ಇದೆ. ನಿರೋಧಕವನ್ನು 60 ಆರ್‌ಗೆ ಏರಿಸಿದರೆ, ಅದೇ 12 ಅಂಗುಲದ ಹಿಮಕ್ಕೆ ಸಲ್ಲುವುದು 72ರಲ್ಲಿ 12 ಭಾಗ, ಮತ್ತೆ 5 ಡಿಗ್ರಿ ಮಾತ್ರ. ಹಿಮ ಮಾಡಿನ ಮೇಲೆ ನಿರುಪದ್ರವವಾಗಿ ಕುಳಿತಿರುತ್ತದೆ. ಅಮೆರಿಕದ 2021ರ ಮಾದರಿ ಇಂಧನಸಂಹಿತೆ ಶೀತವಲಯದ ಹೊಸ ಮನೆಗಳ ಚಾವಣಿಗೆ ವಿಧಿಸಿರುವುದೂ 60 ಆರ್. ಹಳೆಯ ವೃತ್ತಪತ್ರಿಕೆಗಳನ್ನು ನುಣ್ಣಗೆ ಹರಿದು, ಬೆಂಕಿ ಹತ್ತದಂತೆ ಬೋರೇಟ್ ಲವಣ ಬೆರೆಸಿ ತಯಾರಿಸಿದ ಸೆಲ್ಯುಲೋಸನ್ನು ಸುರಿದರೆ ಸುಮಾರು 17 ಅಂಗುಲ ದಪ್ಪ ಬೇಕಾದೀತು.

ಇಷ್ಟನ್ನು ಓದಿ ನಿರೋಧಕವನ್ನು ರಾಶಿ ಹಾಕಿದರೆ ಕೆಲಸ ಮುಗಿಯಿತೆಂದು ಯಾರಾದರೂ ಭಾವಿಸುವುದಾದರೆ ಅದು ಅರ್ಧ ಸತ್ಯ. ಬಿಸಿಗಾಳಿ ಹಗುರ, ಅದು ಮೇಲಕ್ಕೇರಿ ಮನೆಯ ತುದಿಯಲ್ಲಿ ಹೊರದಾರಿಯನ್ನು ಹುಡುಕುತ್ತದೆ, ಅದರ ಸ್ಥಾನವನ್ನು ತುಂಬಲು ತಳದ ಸಂದುಗಳಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಹೊಗೆಗೂಡಿನ ಸುತ್ತ ಬಿಟ್ಟ ತೆರಪು, ಕೊಳವೆಗಳು ಚಾವಣಿಯನ್ನು ಭೇದಿಸಿದ ರಂಧ್ರಗಳು, ಚಾವಣಿಯಲ್ಲಿ ಹುದುಗಿಸಿದ ದೀಪಗಳು, ಒಳಗೋಡೆಗಳ ತಲೆಯ ಬಿರುಕುಗಳು, ಅಟ್ಟಕ್ಕೆ ಹತ್ತುವ ಮುಚ್ಚಳದ ಸಡಿಲವಾದ ಅಂಚು, ಇವೆಲ್ಲ ಆ ಗಾಳಿಯ ರಾಜಮಾರ್ಗಗಳು. ಗಾಜಿನೆಳೆಯ ಹಾಸು ಶಾಖವಹನವನ್ನು ತಡೆಯುವುದು ನಿಜವಾದರೂ ಗಾಳಿಯನ್ನು ತಡೆಯಲಾರದು. ಅಟ್ಟದ ಹಾಸಿನಲ್ಲಿ ಅಲ್ಲಲ್ಲಿ ಕಪ್ಪು ಕಲೆಗಳು ಕಂಡರೆ ಅವು ಬಹುಮಟ್ಟಿಗೆ, ಮೇಲೇರುವ ಗಾಳಿಯ ಧೂಳನ್ನು ಆ ಎಳೆಗಳು ಸೋಸಿ ಹಿಡಿದಿರುವುದರ ಗುರುತು. ಸೋರಿಕೆಯ ಪ್ರಮಾಣ ಅಲ್ಪವೆಂದು ತಾತ್ಸಾರ ಮಾಡುವಂತಿಲ್ಲ. ಒಂದು ಗ್ರಾಂ ಮಂಜನ್ನು ಕರಗಿಸಲು 80 ಕ್ಯಾಲೊರಿ ಬೇಕೆಂಬುದು ಶಾಲೆಯ ಪಾಠ. ಆ ಲೆಕ್ಕದಲ್ಲಿ, 100 ವಾಟಿನ ಒಂದು ಹಳೆಯ ಬಲ್ಬು ಹೊರಸೂಸುವಷ್ಟು ಶಾಖ ಎಡೆಬಿಡದೆ ಸೋರಿ ಕರಗುವ ಬಿಂದುವಿನಲ್ಲಿರುವ ಹಿಮವನ್ನೇ ಮುಟ್ಟಿದರೆ, ಒಂದು ಹಗಲು ರಾತ್ರಿಯಲ್ಲಿ ಸುಮಾರು 26 ಲೀಟರು ನೀರು ಸೂರಿನತ್ತ ಹೊರಡುತ್ತದೆ. ಆದುದರಿಂದ ಮೊದಲು ಬಿರುಕುಗಳನ್ನು ಮುಚ್ಚಬೇಕು, ನಿರೋಧಕ ಹಾಸುವುದು ಅನಂತರ. ಈ ಕ್ರಮವನ್ನು ತಿರುಗುಮುರುಗು ಮಾಡಿದವರು, ಹದಿನೇಳು ಅಂಗುಲದ ರಾಶಿಯ ಅಡಿಯಲ್ಲಿ ಬಿರುಕುಗಳನ್ನು ಹುಡುಕುತ್ತ ತೆವಳಬೇಕಾಗುತ್ತದೆ.

ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಹ್ಯಾನೋವರ್ ಎಂಬ ಊರಿನಲ್ಲಿ ಅಮೆರಿಕದ ಸೇನೆ 1961ರಲ್ಲಿ ಸ್ಥಾಪಿಸಿದ ಶೀತಪ್ರದೇಶಗಳ ಸಂಶೋಧನ ಪ್ರಯೋಗಾಲಯದ ವೇಯ್ನ್ ಟೋಬಿಯಾಸನ್ ಮತ್ತು ಅವರ ಸಹೋದ್ಯೋಗಿಗಳು, ನ್ಯೂಯಾರ್ಕ್ ಸಂಸ್ಥಾನದ ಉತ್ತರದ ಫೋರ್ಟ್ ಡ್ರಮ್ ಸೇನಾನೆಲೆಯ ಕಟ್ಟಡಗಳ ಅಟ್ಟಗಳಲ್ಲಿ ಉಷ್ಣತೆಯನ್ನು ಅಳೆದು, 1990ರ ದಶಕದಲ್ಲಿ ಒಂದು ಉಪಯುಕ್ತ ನಿಯಮವನ್ನು ಮುಂದಿಟ್ಟರು. ಹೊರಗೆ 22 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಸೊನ್ನೆಗಿಂತ ಸುಮಾರು ಐದೂವರೆ ಸೆಲ್ಸಿಯಸ್ ಡಿಗ್ರಿ ಕೆಳಗಿದ್ದಾಗ, ಅಟ್ಟದ ಗಾಳಿ 30 ಡಿಗ್ರಿ ಫ್ಯಾರನ್‌ಹೀಟನ್ನು ಮೀರದಂತೆ ನೋಡಿಕೊಂಡರೆ ಸೂರಿನಲ್ಲಿ ಉಪದ್ರವಕಾರಿಯಾದ ಮಂಜುಗಡ್ಡೆ ಬೆಳೆಯದು. ಹೊರಗಿನ ಚಳಿ ಅದಕ್ಕಿಂತ ಸೌಮ್ಯವಾಗಿದ್ದರೆ ಸೂರಿನಲ್ಲಿ ನೀರು ಹೆಪ್ಪುಗಟ್ಟುವುದೇ ಮಂದ; ಅದಕ್ಕಿಂತ ಕಠಿಣವಾಗಿದ್ದರೆ, ಅಟ್ಟವನ್ನು ತಂಪಾಗಿಡಲು ಆ ಚಳಿಗಾಳಿಯನ್ನೇ ನಿಯೋಗಿಸಬಹುದು. ಸೂರಿನ ಅಡಿಯ ಕಿಂಡಿಗಳಿಂದ ಒಳಹೊಕ್ಕು ಮಾಡಿನ ನೆತ್ತಿಯ ಕಿಂಡಿಯಿಂದ ಹೊರಬೀಳುವ ಗಾಳಿ, ಅಳಿದುಳಿದು ಸೋರಿಬಂದ ಶಾಖವನ್ನು ಒಯ್ದುಬಿಡುತ್ತದೆ. ಕಿಂಡಿಗಳ ವಿಸ್ತೀರ್ಣ ಅಟ್ಟದ ನೆಲದ 150ರಲ್ಲಿ ಒಂದು ಪಾಲು, ಕೆಲವು ನಿಬಂಧನೆಗಳಿಗೆ ಒಳಪಟ್ಟು 300ರಲ್ಲಿ ಒಂದು ಪಾಲು, ಇರಬೇಕೆಂದು ಅಲ್ಲಿಯ ಕಟ್ಟಡ ನಿಯಮ. ಸೂರಿನ ಬಳಿ, ಮಾಡು ಗೋಡೆಯನ್ನು ಕೂಡುವ ಇಕ್ಕಟ್ಟಾದ ಮೂಲೆಯಲ್ಲಿ, ಸುರಿದ ನಿರೋಧಕ ಈ ಕಿಂಡಿಗಳನ್ನೇ ಮುಚ್ಚಿಬಿಡದಂತೆ ತೊಲೆಗಳ ನಡುವೆ ತಡೆಹಲಗೆಗಳನ್ನು ಇಡಬೇಕು. ಹೊಸ ಮನೆಗಳಲ್ಲಿ ಈ ಮೂಲೆಯ ಬಳಿ ಮಾಡನ್ನೇ ಎತ್ತರಿಸಿ ಕಟ್ಟುವ ಪದ್ಧತಿಯೂ ಇದೆ. ವಿದ್ಯುತ್ಪಂಖದಿಂದ ಅಟ್ಟದ ಗಾಳಿಯನ್ನು ಬಲವಾಗಿ ಎಳೆಯುವುದನ್ನು ಮಾತ್ರ ನಾನು ಯಾರಿಗೂ ಸೂಚಿಸಲಾರೆ. ಬಿರುಕುಗಳಿರುವ ಮನೆಯಲ್ಲಿ ಅದು ಕೋಣೆಗಳ ಬಿಸಿಗಾಳಿಯನ್ನೇ ಹೀರಿ ಮೇಲಕ್ಕೆ ತಂದುಕೊಳ್ಳುತ್ತದೆ.

ಉಳಿದ ಉಪಾಯಗಳ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಕೊಡಲಿಯಿಂದ ಕಡಿದರೆ ಮಂಜಿಗಿಂತ ಮುಂಚೆ ಷಿಂಗಲ್ಲು ಮುರಿಯುತ್ತದೆ, ಜಾರಿದವನ ಕಾಲೂ ಮುರಿಯಬಹುದು. ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಏರಿಗೆ ಅಡ್ಡಲಾಗಿ ಇಟ್ಟರೆ ನೀರಿಗೆ ತಾತ್ಕಾಲಿಕವಾದ ಒಂದು ಕಾಲುವೆ ದೊರೆಯುತ್ತದೆ; ಅಡಿಗೆಯ ಉಪ್ಪು ಗಿಡಗಳಿಗೂ ಲೋಹಕ್ಕೂ ಮಾರಕ. ಸೂರಿನ ಅಂಚಿನಲ್ಲಿ ವಿದ್ಯುತ್ತಿನಿಂದ ಕಾಯುವ ತಂತಿ ಹಾಯಿಸುವವರು ಶಾಖ ಸೋರಿದುದರಿಂದ ಆದ ರೋಗಕ್ಕೆ ಇನ್ನಷ್ಟು ಶಾಖವನ್ನು ಹಣಕೊಟ್ಟು ತರುತ್ತಾರೆ. ಷಿಂಗಲ್ಲಿನ ಅಡಿಯಲ್ಲಿ, ಸೂರಿನಿಂದ ಹೊರಗೋಡೆಯ ಗೆರೆಗೆ 24 ಅಂಗುಲ ಒಳಗಿನವರೆಗೆ ಅಂಟಿಸುವ ಜಲನಿರೋಧಕ ಪೊರೆ ಒಳ್ಳೆಯದೇ. ಆದರೆ ಅದು ನೀರು ಒಳಗಿಳಿಯದಂತೆ ಕಾಯುತ್ತದೆಯೇ ವಿನಾ ಕಟ್ಟೆ ಕಟ್ಟದಂತೆ ತಡೆಯದು.

ಬಾಸ್ಟನ್ನಿನಲ್ಲಿಯೂ ಅಂತಹ ಇತರ ಊರುಗಳಲ್ಲಿಯೂ ನಮ್ಮವರು ಮನೆ ಕೊಂಡು ನೆಲೆಸಿರುವುದರಿಂದ ಇನ್ನೊಂದು ಮಾತನ್ನು ಸೇರಿಸಬೇಕಾಗಿದೆ. ಅನ್ನ ಬೇಯುವ, ಬೇಳೆ ಕುದಿಯುವ ಅಡಿಗೆಮನೆಯ ಹಬೆಯನ್ನೂ ಬಚ್ಚಲಿನ ಹಬೆಯನ್ನೂ ಹೊರದೂಡುವ ಪಂಖದ ಕೊಳವೆ ಅಟ್ಟದಲ್ಲಿಯೇ ಬಾಯಿಬಿಟ್ಟಿದ್ದರೆ, ಆ ತೇವ ಮಾಡಿನ ಮೊಳೆಗಳ ತುದಿಯಲ್ಲಿ ಬಿಳಿಯ ಮಂಜಾಗಿ ಕೂಡುತ್ತದೆ. ಒಂದು ಬೆಚ್ಚನೆಯ ದಿನ ಅದೆಲ್ಲ ಒಮ್ಮೆಗೇ ಕರಗಿ ತೊಟ್ಟಿಕ್ಕಿದಾಗ, ಮಾಡು ಸೋರುತ್ತಿದೆಯೆಂದು ಮನೆಯವರು ಗಾಬರಿಯಾಗುತ್ತಾರೆ. ಕೊಳವೆ ಮಾಡನ್ನೋ ಗೋಡೆಯನ್ನೋ ದಾಟಿ ಬಯಲಿಗೇ ತೆರೆಯಬೇಕು. ಹಿಮ ಬೀಳುವುದಕ್ಕೆ ಮುಂಚೆ, ಶರತ್ಕಾಲದ ಒಂದು ಬೆಳಿಗ್ಗೆ, ಟಾರ್ಚು ಹಿಡಿದು ಅಟ್ಟವನ್ನು ಹತ್ತಿ ಇವನ್ನೆಲ್ಲ ಒಮ್ಮೆ ನೋಡಿಕೊಳ್ಳುವುದು ಲೇಸು. ತಮಗೆ ತಿಳಿಯದೆಂದರೆ ತಿಳಿದವರನ್ನು ಕರೆಯಬಹುದು. ಅವರು ಮುಂಬಾಗಿಲಿಗೆ ದೊಡ್ಡ ಪಂಖವೊಂದನ್ನು ಹೂಡಿ, ಮನೆಯ ಗಾಳಿಯನ್ನು ಹೊರಗೆಳೆದು, ಬಿರುಕುಗಳು ಎಲ್ಲಿವೆಯೆಂದು ತೋರಿಸಿಕೊಡುತ್ತಾರೆ. ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ವಿದ್ಯುತ್ತು ಮತ್ತು ಅನಿಲ ಕಂಪೆನಿಗಳು ಕೂಡಿ ನಡೆಸುವ ಮಾಸ್ ಸೇವ್ ಎಂಬ ಯೋಜನೆ ಮನೆಯ ಇಂಧನ ತಪಾಸಣೆಯನ್ನು ಶುಲ್ಕವಿಲ್ಲದೆ ಮಾಡಿಸಿಕೊಡುತ್ತದೆ, ನಿರೋಧಕದ ವೆಚ್ಚದಲ್ಲಿಯೂ ಸಹಾಯ ನೀಡುತ್ತದೆ.